ಇಡುಗಂಟೋ, ತಿಂಗಳ ಕಂತೋ? ಥಾಯ್ಲೆಂಡಿನ ನಿವೃತ್ತಿ ವೀಸಾಕ್ಕೆ ಹಣ ತೋರಿಸುವ ದಾರಿಗಳು

ಎಂಟು ನೂರು ಬಾತ್. ನಮ್ಮ ಲೆಕ್ಕದಲ್ಲಿ ಎರಡು ಸಾವಿರ ಚಿಲ್ಲರೆ ರೂಪಾಯಿ. ಅಷ್ಟು ಕಡಿಮೆ ಬಿದ್ದಿದ್ದಕ್ಕೆ ನಮ್ಮ ಭಾವನಿಗೆ ಒಂದು ವರ್ಷದ ವೀಸಾ ಎಕ್ಸ್‌ಟೆನ್ಷನ್ (ಅವಧಿ ವಿಸ್ತರಣೆ) ಸಿಗಲಿಲ್ಲ.

ಅಕ್ಕ, ಭಾವ ಇಬ್ಬರೂ ಥಾಯ್ಲೆಂಡಿನ ಸಮುದ್ರದ ಊರೊಂದರಲ್ಲಿ ಇದ್ದಾರೆ. ಭಾವ ಪ್ರತಿ ತಿಂಗಳು ಇಲ್ಲಿಂದ 65,000 ಬಾತ್ ತರಿಸಿಕೊಂಡು, ಅದನ್ನೇ ಆದಾಯ ಎಂದು ತೋರಿಸುತ್ತಿದ್ದರು. ಒಂದು ತಿಂಗಳು ನಡುವಿನ ಬ್ಯಾಂಕೊಂದು ತನ್ನ ಚಾರ್ಜು ಮುರಿದುಕೊಂಡಿತು. ಪಾಸ್‌ಬುಕ್ಕಿನಲ್ಲಿ 64,200 ಬಿತ್ತು. ಉಳಿದ ಹನ್ನೊಂದು ತಿಂಗಳು ಸರಿಯಾಗಿಯೇ ಇತ್ತು. ಆದರೂ ಅರ್ಜಿ ವಾಪಸ್ ಬಂತು. ಇದ್ದ ಅನುಮತಿ ಮುಗಿಯಲು ಉಳಿದದ್ದು ಇಪ್ಪತ್ತು ದಿನ. ಆ ಇಪ್ಪತ್ತು ದಿನದಲ್ಲಿ ಬೇರೆ ದಾರಿ ಹಿಡಿಯಲು ಆಗಲಿಲ್ಲ. ದೇಶ ಬಿಟ್ಟು, ಹೊಸ ವೀಸಾ ತೆಗೆದುಕೊಂಡು, ಎಲ್ಲ ಮೊದಲಿನಿಂದ ಶುರು ಮಾಡಿದರು.

ಅದಾದ ಮೇಲೆ ಪರಿಚಯದವರಲ್ಲಿ ನಾಲ್ಕೈದು ಜನ ನನ್ನನ್ನು ಕೇಳಿದ್ದಾರೆ. ಬ್ಯಾಂಕಿನಲ್ಲಿ ಒಟ್ಟಿಗೆ ದುಡ್ಡು ಇಡುವುದು ಒಳ್ಳೆಯದೋ, ತಿಂಗಳು ತಿಂಗಳು ತೋರಿಸುವುದೋ, ಎರಡನ್ನೂ ಬೆರೆಸುವುದೋ? ಯಾರ ಕೈಯಲ್ಲಿ ಎಂಥ ಹಣ ಇದೆ ಎನ್ನುವುದರ ಮೇಲೆ ಉತ್ತರ ಬದಲಾಗುತ್ತದೆ. ಅದಕ್ಕೇ ಪೂರ್ತಿ ಬರೆದಿಡುತ್ತಿದ್ದೇನೆ.

ಯಾವುದನ್ನು ನೋಡಿ ಅಳೆಯಬೇಕು

ಜನ ಮೊದಲು ಕೇಳುವುದು "ಎಷ್ಟು ಬೇಕು?" ಅಂತ. ಸರಿ, ಅದು ಬೇಕೇ ಬೇಕು. ಆದರೆ ನಾನು ಇನ್ನೂ ನಾಲ್ಕು ಪ್ರಶ್ನೆ ಕೇಳುತ್ತೇನೆ. ಹಣ ಎಷ್ಟು ದಿನ ಮುಟ್ಟದೆ ಕೂತಿರಬೇಕು? ಏನಾದರೂ ಎಡವಟ್ಟಾದರೆ ಸರಿಪಡಿಸಲು ಸಮಯ ಸಿಗುತ್ತದಾ? ಭಾರತದಿಂದ ಕಳಿಸುವಾಗ ತೆರಿಗೆ, ಚಾರ್ಜು, ಕಾಗದಪತ್ರದ ಕಾಟ ಎಷ್ಟು? ಗಂಡನ ಹೆಸರಲ್ಲಿ ಮಾಡಿದರೆ ಹೆಂಡತಿಯ ಗತಿ ಏನು?

ಇದರಲ್ಲಿ ಎರಡನೆಯದೇ ಎಲ್ಲಕ್ಕಿಂತ ಮುಖ್ಯ ಅಂತ ನನ್ನ ಅನಿಸಿಕೆ. ಭಾವನ ಕತೆ ನೋಡಿದ ಮೇಲೆ ಹಾಗೆ ಅನಿಸದೆ ಇರುತ್ತದಾ?

ನಾನಿಲ್ಲಿ ಹೇಳುತ್ತಿರುವುದು ನಾನ್-ಇಮಿಗ್ರೆಂಟ್ ಒ ವೀಸಾದ ಮೇಲೆ, 50 ದಾಟಿದವರಿಗೆ ಒಂದೊಂದು ವರ್ಷ ಕೊಡುವ ನಿವೃತ್ತಿ ಎಕ್ಸ್‌ಟೆನ್ಷನ್ ಬಗ್ಗೆ. ಮೊದಲು 90 ದಿನದ ವೀಸಾ, ಆಮೇಲೆ ಸ್ಥಳೀಯ ಇಮಿಗ್ರೇಷನ್ ಕಚೇರಿಯಲ್ಲಿ ಟಿಎಂ 7 ಅರ್ಜಿ, 1,900 ಬಾತ್ ಶುಲ್ಕ. ಸುಲಭಕ್ಕೆ 1 ಬಾತ್‌ಗೆ 2.70 ರೂಪಾಯಿ ಎಂದು ಹಿಡಿದಿದ್ದೇನೆ. ನೀವು ಕಳಿಸುವ ದಿನದ ದರ ಹಾಕಿ ತಿದ್ದಿಕೊಳ್ಳಿ. (ಬಾತ್ ಅಂದಾಗೆಲ್ಲ ಬಿಸಿಬೇಳೆ ನೆನಪಾದರೆ ಅದು ನನ್ನ ತಪ್ಪಲ್ಲ.)

ಒಂದನೇ ದಾರಿ: 8 ಲಕ್ಷ ಬಾತ್ ಇಡುಗಂಟು

ಥಾಯ್ ಬ್ಯಾಂಕಿನಲ್ಲಿ, ನಿಮ್ಮೊಬ್ಬರ ಹೆಸರಿನ ಖಾತೆಯಲ್ಲಿ 8 ಲಕ್ಷ ಬಾತ್. ನಮ್ಮ ಲೆಕ್ಕದಲ್ಲಿ 21.6 ಲಕ್ಷ ರೂಪಾಯಿ. ಕೇಳಲು ಇಷ್ಟೇ. ಆದರೆ 2019ರ ಮಾರ್ಚ್‌ನಿಂದ ನಿಯಮ ಬಿಗಿಯಾಗಿದೆ. ಅರ್ಜಿ ಹಾಕುವುದಕ್ಕೆ ಎರಡು ತಿಂಗಳು ಮೊದಲೇ ಪೂರ್ತಿ ಹಣ ಅಲ್ಲಿರಬೇಕು. ಎಕ್ಸ್‌ಟೆನ್ಷನ್ ಸಿಕ್ಕಿದ ಮೇಲೂ ಮೂರು ತಿಂಗಳು ಕದಲಬಾರದು. ಆಮೇಲೆ ಅರ್ಧ ತೆಗೆಯಬಹುದು. ಆದರೆ ಖಾತೆ ಯಾವತ್ತೂ 4 ಲಕ್ಷದ ಕೆಳಗೆ ಹೋಗಬಾರದು.

ಕ್ಯಾಲೆಂಡರ್ ಮೇಲೆ ಹಾಕಿ ನೋಡೋಣ. ಸೆಪ್ಟೆಂಬರ್ 15ಕ್ಕೆ ಅರ್ಜಿ ಅಂದುಕೊಳ್ಳಿ. ಜುಲೈ 15ರ ಒಳಗೆ 8 ಲಕ್ಷ ಕೂತಿರಬೇಕು. ಡಿಸೆಂಬರ್ 15ರವರೆಗೆ ಮುಟ್ಟುವಂತಿಲ್ಲ. ಅಲ್ಲಿಂದ ಮುಂದಿನ ಜುಲೈವರೆಗೆ, ಅಂದರೆ ಏಳು ತಿಂಗಳು, ಮೇಲಿನ 4 ಲಕ್ಷ ನಿಮ್ಮ ಕೈಗೆ ಸಿಗುತ್ತದೆ. ಜುಲೈಗೆ ಮತ್ತೆ ತುಂಬಿಸಬೇಕು. ವರ್ಷದಲ್ಲಿ ಐದು ತಿಂಗಳು ಪೂರ್ತಿ ಬೀಗ, ಏಳು ತಿಂಗಳು ಅರ್ಧ ಬೀಗ.

ಈ ಏಳು ತಿಂಗಳ ಸಲಿಗೆಯನ್ನು ಬಳಸಬೇಡಿ ಅಂತಲೇ ನಾನು ಹೇಳುವುದು. ತೆಗೆದದ್ದನ್ನು ತುಂಬಿಸುವ ತಿಂಗಳಲ್ಲಿ ರೂಪಾಯಿ ಬಿದ್ದಿರಬಹುದು, ಬ್ಯಾಂಕು ಒಂದು ಕಾಗದಕ್ಕೆ ಅಡ್ಡಗಾಲು ಹಾಕಬಹುದು. ಒಂದು ದಿನ ತಡವಾದರೂ ಎರಡು ತಿಂಗಳ ಲೆಕ್ಕ ತಪ್ಪುತ್ತದೆ. ಒಮ್ಮೆ ಇಟ್ಟು ಮರೆತುಬಿಡಿ. ದಿನದ ಖರ್ಚಿಗೆ ಬೇರೆ ಖಾತೆ ಇರಲಿ. ಅಕ್ಕ ಈಗ ಮಾಡಿರುವುದೂ ಅದೇ: ಆ ಖಾತೆಗೆ ಎಟಿಎಂ ಕಾರ್ಡೇ ತೆಗೆದುಕೊಂಡಿಲ್ಲ, ಪಾಸ್‌ಬುಕ್ಕು ದೇವರ ಗೂಡಿನಲ್ಲಿ ಗಣಪತಿ ಫೋಟೋದ ಹಿಂದೆ ಇದೆ.

ಇದರ ನಿಜವಾದ ಬೆಲೆ ಎಷ್ಟು? 21.6 ಲಕ್ಷವನ್ನು ಇಲ್ಲಿ ಶೇಕಡ 7ರ ಎಫ್‌ಡಿಯಲ್ಲಿ ಇಟ್ಟಿದ್ದರೆ ವರ್ಷಕ್ಕೆ ಸುಮಾರು ಒಂದೂವರೆ ಲಕ್ಷ ಬಡ್ಡಿ ಬರುತ್ತಿತ್ತು. ಥಾಯ್ ಸೇವಿಂಗ್ಸ್ ಖಾತೆಯಲ್ಲಿ ಬರುವ ಬಡ್ಡಿ ಹೇಳಿಕೊಳ್ಳುವಂಥದ್ದಲ್ಲ. ಅಂದರೆ ತಿಂಗಳಿಗೆ 12,500 ರೂಪಾಯಿ ಕೊಟ್ಟು ನೆಮ್ಮದಿ ಕೊಂಡ ಹಾಗೆ. ಅದು ದುಬಾರಿಯೋ ಅಗ್ಗವೋ ನೀವೇ ಹೇಳಬೇಕು. ಅಸಲು ಮಾತ್ರ ಎಲ್ಲಿಗೂ ಹೋಗುವುದಿಲ್ಲ. ಅಲ್ಲಿನ ಠೇವಣಿ ವಿಮೆ ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ 10 ಲಕ್ಷ ಬಾತ್‌ವರೆಗೆ ಇದೆ. ಬೇಡವಾದ ದಿನ ಹಣ ತೆಗೆದುಕೊಂಡು ಊರಿಗೆ ಬರಬಹುದು.

ಒಂದು ಕಹಿ ವಿಷಯವನ್ನೂ ಹೇಳಬೇಕು. ಖಾತೆ ಒಬ್ಬರದೇ ಹೆಸರಲ್ಲಿ ಇರಬೇಕಲ್ಲ, ಆ ಒಬ್ಬರು ತೀರಿಕೊಂಡರೆ ಬ್ಯಾಂಕು ಖಾತೆಯನ್ನು ತಡೆಹಿಡಿಯುತ್ತದೆ. ಹಣ ಬಿಡಿಸಲು ಥಾಯ್ ಕೋರ್ಟಿನಿಂದ ಆಸ್ತಿಯ ಆಡಳಿತಗಾರರು ಅಂತ ನೇಮಕ ಆಗಬೇಕು. ಅಲ್ಲಿನ ಆಸ್ತಿಗೆ ಅಲ್ಲೇ ಒಂದು ಚಿಕ್ಕ ಉಯಿಲು ಬರೆಸಿಟ್ಟರೆ ಆ ಕೆಲಸ ಸಲೀಸಾಗುತ್ತದೆ. ಭಾವ ಇದನ್ನು "ಅಪಶಕುನದ ಮಾತು" ಅಂತ ಎರಡು ವರ್ಷ ಮುಂದೂಡಿದರು. ಅಕ್ಕ ಕೊನೆಗೆ ಜಗಳ ಆಡಿಯೇ ಬರೆಸಿದಳು.

ಎರಡನೇ ದಾರಿ: ತಿಂಗಳಿಗೆ 65,000 ಬಾತ್

ದೊಡ್ಡ ಗಂಟು ಬೇಡ, ತಿಂಗಳ ಆದಾಯ ತೋರಿಸುತ್ತೇನೆ ಅನ್ನುವವರಿಗೆ ಇದು. 65,000 ಬಾತ್ ಅಂದರೆ 1,75,500 ರೂಪಾಯಿ. ತಿಂಗಳಿಗೆ ಒಂದೂಮುಕ್ಕಾಲು ಲಕ್ಷ ಪಿಂಚಣಿ ನಮ್ಮಲ್ಲಿ ಎಷ್ಟು ಜನಕ್ಕೆ ಬರುತ್ತದೆ ಹೇಳಿ? ಆದರೆ ಪಿಂಚಣಿಯ ಜೊತೆಗೆ ಬೆಂಗಳೂರಿನ ಎರಡು ಮನೆ ಬಾಡಿಗೆ, ಒಂದಿಷ್ಟು ಬಡ್ಡಿ ಸೇರಿದರೆ ಆ ಮೊತ್ತ ಮುಟ್ಟುವವರು ಇದ್ದಾರೆ.

ಹಿಂದೆ ಇದು ಸುಲಭವಿತ್ತು. ತಮ್ಮ ದೇಶದ ರಾಯಭಾರ ಕಚೇರಿಯಿಂದ ಆದಾಯದ ಪತ್ರ ತಂದು ಕೊಟ್ಟರೆ ಸಾಕಿತ್ತು. 2018ರ ಕೊನೆ, 2019ರ ಆರಂಭದ ಹೊತ್ತಿಗೆ ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾದ ಕಚೇರಿಗಳು ಆ ಪತ್ರ ಕೊಡುವುದನ್ನು ನಿಲ್ಲಿಸಿದವು. ಅದರ ಬದಲಿಗೆ ಬಂದದ್ದು ಬ್ಯಾಂಕಿನ ಸಾಕ್ಷಿ. ಹನ್ನೆರಡು ತಿಂಗಳು, ಪ್ರತಿ ತಿಂಗಳು, ಹೊರದೇಶದಿಂದ ಕನಿಷ್ಠ 65,000 ಬಂದಿದೆ ಅಂತ ಪಾಸ್‌ಬುಕ್ಕು ಹೇಳಬೇಕು. ಒಂದು ತಿಂಗಳು 90,000, ಮತ್ತೊಂದು ತಿಂಗಳು 40,000 ಬಂದರೆ ಸರಾಸರಿ ಲೆಕ್ಕ ನಡೆಯುವುದಿಲ್ಲ.

ಇದರ ದೊಡ್ಡ ಲಾಭ ಅಂದರೆ ಹಣಕ್ಕೆ ಬೀಗ ಇಲ್ಲ. ಇವತ್ತು ಬಂದ 65,000ವನ್ನು ನಾಳೆಯೇ ಖರ್ಚು ಮಾಡಬಹುದು. ಹೇಗೂ ಊಟ, ಬಾಡಿಗೆ, ಆಸ್ಪತ್ರೆಗೆ ಹಣ ತರಿಸಲೇಬೇಕು. ತರಿಸಿದ್ದೇ ಸಾಕ್ಷಿಯೂ ಆಗುತ್ತದೆ.

ಕಷ್ಟ ಇರುವುದು ತಪ್ಪಾದಾಗ. ಹನ್ನೆರಡರಲ್ಲಿ ಒಂದು ಕಂತು ಕೆಟ್ಟರೆ ಹಿಂದೆ ಹೋಗಿ ರಿಪೇರಿ ಮಾಡಲು ಆಗುವುದಿಲ್ಲ. ಕೆಡಲು ಕಾರಣಗಳೂ ಬೇಕಾದಷ್ಟಿವೆ. ನಡುವಿನ ಬ್ಯಾಂಕು ಚಾರ್ಜು ಮುರಿಯಬಹುದು. ತಿಂಗಳ 31ಕ್ಕೆ ಕಳಿಸಿದ್ದು ರಜೆ ಬಂದು ಮುಂದಿನ ತಿಂಗಳ 2ಕ್ಕೆ ಬೀಳಬಹುದು. ಕೆಲವು ಹಣ ಕಳಿಸುವ ಆ್ಯಪ್‌ಗಳು ಥಾಯ್ಲೆಂಡಿನ ಒಳಗಿನ ಖಾತೆಯಿಂದಲೇ ಹಣ ಹಾಕಿಸುತ್ತವೆ. ಆಗ ಪಾಸ್‌ಬುಕ್ಕಿನಲ್ಲಿ ಅದು ದೇಶದೊಳಗಿನ ವರ್ಗಾವಣೆ ಅಂತ ಕಾಣುತ್ತದೆ, ಲೆಕ್ಕಕ್ಕೆ ಬರುವುದಿಲ್ಲ. ಬ್ಯಾಂಕಾಕ್ ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಹೊರದೇಶದ ಹಣಕ್ಕೆ ಎಫ್‌ಟಿಟಿ ಅನ್ನುವ ಗುರುತು ಬೀಳುತ್ತದೆ. ನಿಮ್ಮ ಬ್ಯಾಂಕಿನಲ್ಲಿ ಯಾವ ಗುರುತು ಅಂತ ಮೊದಲ ಕಂತು ಬಿದ್ದ ದಿನವೇ ನೋಡಿ. ಹನ್ನೆರಡನೇ ತಿಂಗಳಲ್ಲಿ ನೋಡಿ ಪ್ರಯೋಜನ ಇಲ್ಲ.

ಈ ದಾರಿ ಹಿಡಿಯುವವರು 65,000 ಕಳಿಸಬೇಡಿ, 68,000 ಕಳಿಸಿ. ತಿಂಗಳ 5ರಿಂದ 15ರ ಒಳಗೆ ಕಳಿಸಿ. ಎಲ್ಲ ಚಾರ್ಜೂ ಕಳಿಸುವವರ ಮೇಲೆ ಬೀಳುವ ಹಾಗೆ ಬ್ಯಾಂಕಿಗೆ ಬರೆದು ಕೊಡಿ. ಭಾವ 68,000 ಕಳಿಸಿದ್ದರೂ, ಇಲ್ಲವೇ ಚಾರ್ಜಿನ ಬಗ್ಗೆ ಬರೆದು ಕೊಟ್ಟಿದ್ದರೂ ಉಳಿದುಕೊಳ್ಳುತ್ತಿದ್ದರು.

ಹೊಸದಾಗಿ ಹೋಗುವವರಿಗೆ ಇನ್ನೊಂದು ತೊಡಕಿದೆ. ಮೊದಲ ವರ್ಷ ಹನ್ನೆರಡು ತಿಂಗಳ ಚರಿತ್ರೆಯೇ ಇರುವುದಿಲ್ಲ, ಅಲ್ವಾ? ಹಾಗಾಗಿ ಆದಾಯ ಎಷ್ಟೇ ಜೋರಾಗಿದ್ದರೂ ಮೊದಲ ಎಕ್ಸ್‌ಟೆನ್ಷನ್ನಿಗೆ ಇಡುಗಂಟು ಇಡುವುದೇ ಸರಿ. ಅದೇ ವರ್ಷ ತಿಂಗಳ ಕಂತನ್ನೂ ಶುರು ಮಾಡಿ. ಎರಡನೇ ಅರ್ಜಿಯ ಹೊತ್ತಿಗೆ ಹನ್ನೆರಡು ಗುರುತೂ ಬಿದ್ದಿದ್ದರೆ ಗಂಟನ್ನು ಬಿಡಿಸಿಕೊಳ್ಳಬಹುದು.

ಮೂರನೇ ದಾರಿ: ಬೆರೆಸುವುದು

ಬ್ಯಾಂಕಿನ ಹಣ ಮತ್ತು ವರ್ಷದ ಆದಾಯ ಸೇರಿ 8 ಲಕ್ಷ ಆದರೂ ನಡೆಯುತ್ತದೆ. ತಿಂಗಳಿಗೆ 81,000 ರೂಪಾಯಿ, ಅಂದರೆ 30,000 ಬಾತ್ ತರಿಸಬಲ್ಲಿರಿ ಅಂದುಕೊಳ್ಳಿ. ವರ್ಷಕ್ಕೆ 3.6 ಲಕ್ಷ ಬಾತ್ ಆಯಿತು. ಉಳಿದ 4.4 ಲಕ್ಷ, ಅಂದರೆ ಹತ್ತಿರ ಹತ್ತಿರ 11.9 ಲಕ್ಷ ರೂಪಾಯಿ, ಬ್ಯಾಂಕಿನಲ್ಲಿ ಇರಬೇಕು.

ಕಾಗದದ ಮೇಲೆ ಮಧ್ಯಮ ವರ್ಗಕ್ಕೆ ಹೇಳಿ ಮಾಡಿಸಿದ ಹಾಗಿದೆ. ನನಗೆ ಮಾತ್ರ ಇದು ಅಷ್ಟಾಗಿ ಇಷ್ಟವಿಲ್ಲ. ಇಡುಗಂಟಿನ ಶಿಸ್ತೂ ಬೇಕು, ಕಂತಿನ ಶಿಸ್ತೂ ಬೇಕು. ಜೊತೆಗೆ ಕಚೇರಿಯಿಂದ ಕಚೇರಿಗೆ ಪದ್ಧತಿ ಬೇರೆ. ಕೆಲವು ಕಡೆ ಆದಾಯದ ಪಾಲಿಗೆ ಬ್ಯಾಂಕ್ ವರ್ಗಾವಣೆ ಒಪ್ಪುತ್ತಾರೆ, ಕೆಲವು ಕಡೆ ರಾಯಭಾರ ಕಚೇರಿಯ ಪತ್ರವೇ ಬೇಕು ಅನ್ನುತ್ತಾರೆ. ನಿಮ್ಮ ಊರಿನ ಕಚೇರಿಗೆ ಆರು ತಿಂಗಳು ಮೊದಲೇ ಹೋಗಿ, ಅವರ ಪಟ್ಟಿ ಕೈಗೆ ತೆಗೆದುಕೊಂಡು, ಆಮೇಲೆ ಇದನ್ನು ಯೋಚಿಸಿ. ಸಾಲ ಸೋಲ ಇಲ್ಲದೆ 21 ಲಕ್ಷ ಹೊಂದಿಸಲು ಆಗುವುದೇ ಇಲ್ಲ ಅನ್ನುವವರಿಗೆ ಮಾತ್ರ ಈ ದಾರಿ.

ಯಾರೋ ಹಣ ಇಟ್ಟು ಕೊಡುತ್ತಾರಂತೆ?

ಅಲ್ಲಿ ಸ್ವಲ್ಪ ದಿನ ಇದ್ದವರಿಗೆಲ್ಲ ಈ ಮಾತು ಕಿವಿಗೆ ಬಿದ್ದಿರುತ್ತದೆ. ಏಜೆಂಟ್ ನಿಮ್ಮ ಖಾತೆಗೆ ಹಣ ಹಾಕಿಸುತ್ತಾನೆ, ಕಾಗದ ಮಾಡಿಸುತ್ತಾನೆ, ಹಣ ವಾಪಸ್ ತೆಗೆದುಕೊಳ್ಳುತ್ತಾನೆ. ನೀವು ಅವನಿಗೆ ಕಮಿಷನ್ ಕೊಟ್ಟರೆ ಮುಗಿಯಿತಂತೆ. ಎರಡು ತಿಂಗಳ ನಿಯಮ ಎಲ್ಲಿ ಹೋಯಿತು ಅಂತ ಕೇಳಿ ನೋಡಿ, ನಗುತ್ತಾನೆ. ಸುಳ್ಳು ಕಾಗದದ ಮೇಲೆ ಸಿಕ್ಕ ವಾಸ್ತವ್ಯ ಯಾವತ್ತಾದರೂ ರದ್ದಾದರೆ ಕಷ್ಟ ನಿಮಗೆ, ಅವನಿಗಲ್ಲ. ಫಾರಂ ತುಂಬಲು, ಸಾಲಿನಲ್ಲಿ ನಿಲ್ಲಲು ಏಜೆಂಟ್ ಇಟ್ಟುಕೊಳ್ಳಿ, ತಪ್ಪಿಲ್ಲ. ಹಣ ಮಾತ್ರ ನಿಮ್ಮದೇ ಇರಲಿ.

ಈ ತಲೆನೋವೇ ಬೇಡ ಅನ್ನುವವರಿಗೆ

ದುಡ್ಡು ಜಾಸ್ತಿ ಇದ್ದವರಿಗೆ ಬೇರೆ ಬಾಗಿಲುಗಳಿವೆ. ಥಾಯ್ಲೆಂಡ್ ಪ್ರಿವಿಲೇಜ್ ಅನ್ನುವ ಸದಸ್ಯತ್ವದಲ್ಲಿ ಗೋಲ್ಡ್ ದರ್ಜೆಗೆ 5 ವರ್ಷಕ್ಕೆ 9 ಲಕ್ಷ ಬಾತ್. ವರ್ಷಕ್ಕೆ 1.8 ಲಕ್ಷ ಬಾತ್, ಅಂದರೆ ಹೆಚ್ಚು ಕಡಿಮೆ 4.9 ಲಕ್ಷ ರೂಪಾಯಿ. ಇಡುಗಂಟಿನಲ್ಲಿ ನೀವು ಬಿಟ್ಟುಕೊಡುವುದು ಒಂದೂವರೆ ಲಕ್ಷದ ಬಡ್ಡಿ ಮಾತ್ರ, ಅಸಲು ನಿಮ್ಮದೇ. ಇಲ್ಲಿ ಕೊಟ್ಟದ್ದು ವಾಪಸ್ ಬರುವುದಿಲ್ಲ. 50 ಆಗದವರಿಗೆ ಇದಕ್ಕೆ ಅರ್ಥ ಇದೆ, ನಿವೃತ್ತರಿಗೆ ಅಷ್ಟಾಗಿ ಇಲ್ಲ.

ಎಲ್‌ಟಿಆರ್ ಅನ್ನುವ ಹತ್ತು ವರ್ಷದ ವೀಸಾ ಕೂಡ ಇದೆ. ಅದರಲ್ಲಿ ಪಿಂಚಣಿದಾರರ ವರ್ಗಕ್ಕೆ ವರ್ಷಕ್ಕೆ 80,000 ಡಾಲರ್ ಆದಾಯ ಬೇಕು. ಅದಕ್ಕಿಂತ ಕಡಿಮೆ, ಆದರೆ 40,000 ಡಾಲರ್‌ಗಿಂತ ಜಾಸ್ತಿ ಇದ್ದರೆ, ಅಲ್ಲಿ 2.5 ಲಕ್ಷ ಡಾಲರ್ ಹೂಡಬೇಕು. ನಿವೃತ್ತರಿಗೆ ಇರುವ ಇನ್ನೊಂದು ದೀರ್ಘಾವಧಿಯ ಒ-ಎಕ್ಸ್ ವೀಸಾದ ಬಗ್ಗೆ ಓದಿ ಆಸೆಪಟ್ಟಿದ್ದರೆ ಬಿಟ್ಟುಬಿಡಿ, ಅದರ 14 ದೇಶಗಳ ಪಟ್ಟಿಯಲ್ಲಿ ಭಾರತ ಇಲ್ಲ. ಒ-ಎ ಅನ್ನುವ ನಿವೃತ್ತಿ ವೀಸಾ ಭಾರತದಿಂದಲೇ ಸಿಗುತ್ತದೆ. ಆದರೆ 2019ರಿಂದ ಅದಕ್ಕೆ ಆರೋಗ್ಯ ವಿಮೆ ಕಡ್ಡಾಯ, ಎಕ್ಸ್‌ಟೆನ್ಷನ್‌ಗೂ ಬೇಕು. ವಯಸ್ಸಾದ ಹಾಗೆ ಆ ಪ್ರೀಮಿಯಂ ಏರುತ್ತಲೇ ಹೋಗುತ್ತದೆ. ಒ ವೀಸಾಕ್ಕೆ ಆ ಷರತ್ತಿಲ್ಲ. ಕಾನೂನು ಕೇಳದಿದ್ದರೂ ವಿಮೆ ಮಾಡಿಸಿ, ಅದು ಬೇರೆ ಮಾತು.

ಭಾರತದ ಕಡೆಯ ಲೆಕ್ಕ

ಥಾಯ್ ನಿಯಮವನ್ನೆಲ್ಲ ಬಾಯಿಪಾಠ ಮಾಡಿದವರೂ ಎಡವುವುದು ಇಲ್ಲೇ.

ಇಲ್ಲಿನ ನಿವಾಸಿಯಾಗಿದ್ದಾಗ ನೀವು ಎಲ್‌ಆರ್‌ಎಸ್ (ನಿವಾಸಿಗಳು ಹೊರದೇಶಕ್ಕೆ ಹಣ ಕಳಿಸಲು ಇರುವ ರಿಸರ್ವ್ ಬ್ಯಾಂಕಿನ ಯೋಜನೆ) ಮೂಲಕ ಕಳಿಸುತ್ತೀರಿ. ಆರ್ಥಿಕ ವರ್ಷಕ್ಕೆ 2.5 ಲಕ್ಷ ಡಾಲರ್ ಮಿತಿ ಇರುವುದರಿಂದ 8 ಲಕ್ಷ ಬಾತ್‌ಗೆ ತೊಂದರೆ ಇಲ್ಲ. ತೊಂದರೆ ಟಿಸಿಎಸ್‌ದು, ಅಂದರೆ ಹಣ ಕಳಿಸುವಾಗಲೇ ಬ್ಯಾಂಕು ವಸೂಲಿ ಮಾಡುವ ತೆರಿಗೆಯದು. 2025ರ ಏಪ್ರಿಲ್‌ನಿಂದ ವರ್ಷಕ್ಕೆ 10 ಲಕ್ಷ ರೂಪಾಯಿವರೆಗೆ ಟಿಸಿಎಸ್ ಇಲ್ಲ, ಅದರ ಮೇಲೆ ಇಂಥ ಉದ್ದೇಶಕ್ಕೆ ಶೇಕಡ 20. ಒಂದೇ ಸಲ 21.6 ಲಕ್ಷ ಕಳಿಸಿದರೆ 2.32 ಲಕ್ಷ ಟಿಸಿಎಸ್ ಕಟ್ಟಬೇಕು. ರಿಟರ್ನ್ಸ್ ಹಾಕಿದಾಗ ಅದು ನಿಮ್ಮ ತೆರಿಗೆಗೆ ಜಮೆ ಆಗುತ್ತದೆ, ಇಲ್ಲವೇ ವಾಪಸ್ ಬರುತ್ತದೆ. ಆದರೆ ತಿಂಗಳುಗಟ್ಟಲೆ ಕಾಯಬೇಕು. ಮಾರ್ಚ್‌ನಲ್ಲಿ 10 ಲಕ್ಷ, ಏಪ್ರಿಲ್‌ನಲ್ಲಿ ಉಳಿದದ್ದು ಅಂತ ಎರಡು ಆರ್ಥಿಕ ವರ್ಷಕ್ಕೆ ಹಂಚಿದರೆ ಟಿಸಿಎಸ್ 32,000ಕ್ಕೆ ಇಳಿಯುತ್ತದೆ. ಹೊರಡುವ ತಿಂಗಳು ನಿಮ್ಮ ಕೈಯಲ್ಲಿದ್ದರೆ ಈ ಲೆಕ್ಕ ಹಾಕಿಯೇ ಹೊರಡಿ.

ಅಲ್ಲೇ ನೆಲೆಸಿದ ಮೇಲೆ ನೀವು ಅನಿವಾಸಿ. ಇಲ್ಲಿನ ಖಾತೆ ಎನ್‌ಆರ್‌ಒ (ಅನಿವಾಸಿಗಳ ರೂಪಾಯಿ ಖಾತೆ) ಆಗಬೇಕು. ಪಿಂಚಣಿ, ಬಾಡಿಗೆ, ಬಡ್ಡಿ ಎಲ್ಲ ಅದಕ್ಕೆ ಬಂದು ಬೀಳುತ್ತದೆ. ತೆರಿಗೆ ಕಳೆದ ಆದಾಯವನ್ನು ಅಲ್ಲಿಂದ ಹೊರಗೆ ಕಳಿಸಬಹುದು, ಆಗ ಟಿಸಿಎಸ್ ಮಾತೇ ಇಲ್ಲ. ಅದರ ಬದಲು ಟಿಡಿಎಸ್, ಅಂದರೆ ಆದಾಯ ಕೊಡುವಾಗಲೇ ಮುರಿಯುವ ತೆರಿಗೆ ಇದೆ. ಎನ್‌ಆರ್‌ಒ ಬಡ್ಡಿಗೆ ಶೇಕಡ 30 ಮುರಿಯುತ್ತಾರೆ. ಮನೆ ಮಾಲೀಕ ಅನಿವಾಸಿ ಆದರೆ ಬಾಡಿಗೆದಾರನೂ ಅಷ್ಟೇ ಮುರಿಯಬೇಕು. ಕಂತಿನ ದಾರಿ ಹಿಡಿಯುವವರು ಇದನ್ನು ಕಳೆದೇ ಒಂದೂಮುಕ್ಕಾಲು ಲಕ್ಷ ಉಳಿಯುತ್ತದಾ ಅಂತ ನೋಡಬೇಕು. ಕೈಗೆ ಬರುವ ಮೊದಲಿನ ಮೊತ್ತ ನೋಡಿ ಹೊರಟವರು ಮೂರನೇ ತಿಂಗಳಲ್ಲೇ ಮುಗ್ಗರಿಸುತ್ತಾರೆ. ನವೆಂಬರ್‌ನ ಜೀವನ ಪ್ರಮಾಣ ಪತ್ರ ಮರೆತು ಪಿಂಚಣಿ ನಿಂತರೂ ಅಷ್ಟೇ, ಕಂತು ತಪ್ಪಿತು.

ಥಾಯ್ಲೆಂಡಿನಲ್ಲಿ ವರ್ಷಕ್ಕೆ 180 ದಿನ ಇದ್ದರೆ ನೀವು ಅಲ್ಲಿನ ತೆರಿಗೆ ನಿವಾಸಿ. 2024ರ ಜನವರಿ 1ರಿಂದ ಆಚೆಗೆ ಗಳಿಸಿದ ಹೊರದೇಶದ ಆದಾಯವನ್ನು ಅಲ್ಲಿಗೆ ತಂದರೆ ತೆರಿಗೆ ಲೆಕ್ಕಕ್ಕೆ ಬರುತ್ತದೆ. ಅದಕ್ಕಿಂತ ಹಿಂದಿನ ಗಳಿಕೆಗೆ ಈ ನಿಯಮ ಇಲ್ಲ. ಹಳೇ ಉಳಿತಾಯದಿಂದ ಗಂಟು ಕಟ್ಟುವವರು 2023ರ ಡಿಸೆಂಬರ್ 31ರ ಬ್ಯಾಂಕ್ ಸ್ಟೇಟ್‌ಮೆಂಟ್ ಜೋಪಾನ ಮಾಡಿ. ಕಂತಿನವರು ವರ್ಷ ವರ್ಷ 7.8 ಲಕ್ಷ ಬಾತ್ ಹೊಸ ಆದಾಯ ತರುತ್ತಾರೆ. ಎರಡು ದೇಶಗಳ ನಡುವೆ ಇಮ್ಮಡಿ ತೆರಿಗೆ ತಪ್ಪಿಸುವ ಒಪ್ಪಂದ ಇದೆ, ಆದರೆ ಅದನ್ನು ಬಳಸಲು ಎರಡೂ ಕಡೆ ಗೊತ್ತಿರುವ ಲೆಕ್ಕಿಗರು ಬೇಕು.

ಗಂಡ ಹೆಂಡತಿ ಇಬ್ಬರಿದ್ದರೆ

ಇಬ್ಬರೂ ಬೇರೆ ಬೇರೆ 8 ಲಕ್ಷ ತೋರಿಸಬಹುದು. ಇಲ್ಲವೇ ಒಬ್ಬರು ಹಣ ತೋರಿಸಿ, ಇನ್ನೊಬ್ಬರು ಅವರ ಅವಲಂಬಿತರಾಗಿ ಇರಬಹುದು. ಎರಡನೆಯದರಲ್ಲಿ ಅರ್ಧ ಹಣ ಉಳಿಯುತ್ತದೆ, ಅವಲಂಬಿತರಿಗೆ 50 ಆಗಿರಬೇಕೆಂದೂ ಇಲ್ಲ. ಆದರೆ ಮುಖ್ಯ ಅರ್ಜಿದಾರರು ಹೋದರೆ ಅವಲಂಬಿತರ ಅನುಮತಿಯೂ ಹೋಯಿತು. ದುಃಖದಲ್ಲಿರುವಾಗ ವೀಸಾಕ್ಕೆ ಓಡಾಡುವ ಪರಿಸ್ಥಿತಿ ಯಾರಿಗೂ ಬೇಡ. 70 ದಾಟಿದ ದಂಪತಿಗೆ ಕೈಯಲ್ಲಿ ಹಣ ಇದ್ದರೆ ಬೇರೆ ಬೇರೆ ಮಾಡಿಸಿ ಅಂತಲೇ ಹೇಳುತ್ತೇನೆ. ಅರುವತ್ತರ ಆಸುಪಾಸಿನವರಿಗೆ ಅವಲಂಬಿತ ದಾರಿ ಸಾಕು.

ಅವಲಂಬಿತ ದಾರಿಗೆ ಮದುವೆ ಪ್ರಮಾಣಪತ್ರ ಬೇಕು. ನಮ್ಮ ಹಿಂದಿನ ತಲೆಮಾರಿನಲ್ಲಿ ಛತ್ರದ ಫೋಟೋ, ಲಗ್ನಪತ್ರಿಕೆ ಬಿಟ್ಟರೆ ಮತ್ತೇನಿದೆ? ಉಪನೋಂದಣಾಧಿಕಾರಿ ಕಚೇರಿಯಲ್ಲಿ ಈಗಲೂ ನೋಂದಣಿ ಮಾಡಿಸಬಹುದು. ಅದಕ್ಕೆ ವಿದೇಶಾಂಗ ಇಲಾಖೆಯ ದೃಢೀಕರಣ ಆಗಬೇಕು. ಇದನ್ನು ಊರಲ್ಲಿ ಇರುವಾಗಲೇ ಮುಗಿಸಿ.

ಹಾಗಾದರೆ ಯಾರಿಗೆ ಯಾವುದು

ಸೈಟು ಮಾರಿದ ಹಣವೋ, ಗ್ರಾಚ್ಯುಟಿ, ಪಿಎಫ್ ಗಂಟೋ ಇದ್ದು, ಅದರಲ್ಲಿ 22 ಲಕ್ಷ ಎತ್ತಿಟ್ಟರೂ ಬದುಕು ಅಲುಗದು ಅನ್ನುವವರು ಇಡುಗಂಟು ಇಡಿ. ಹೊಸಬರೂ ಅಷ್ಟೇ. ಊರಿಗೆ ಆಗಾಗ ಬಂದು ಎರಡು ಮೂರು ತಿಂಗಳು ಇರುವವರಿಗೂ ಇದೇ ವಾಸಿ, ನೀವು ಎಲ್ಲಿದ್ದರೂ ಹಣ ಅಲ್ಲಿ ಕೂತಿರುತ್ತದೆ. (ಹೊರಗೆ ಹೋಗುವ ಮೊದಲು ರೀ-ಎಂಟ್ರಿ ಪರ್ಮಿಟ್ ತೆಗೆದುಕೊಳ್ಳಿ. ಒಂದು ಸಲಕ್ಕೆ 1,000 ಬಾತ್, ಎಷ್ಟು ಸಲ ಬೇಕಾದರೂ ಅನ್ನುವುದಕ್ಕೆ 3,800. ಅದಿಲ್ಲದೆ ವಿಮಾನ ಹತ್ತಿದರೆ ಎಕ್ಸ್‌ಟೆನ್ಷನ್ನೇ ರದ್ದು.)

ತೆರಿಗೆ ಕಳೆದು ತಿಂಗಳಿಗೆ ಎರಡು ಲಕ್ಷ ನಿಶ್ಚಿತವಾಗಿ ಬರುತ್ತದೆ, ದೊಡ್ಡ ಗಂಟನ್ನು ಇಲ್ಲಿನ ಹೂಡಿಕೆಯಿಂದ ಕೀಳಲು ಮನಸ್ಸಿಲ್ಲ, ಕಳಿಸುವ ಕೆಲಸ ನೋಡಿಕೊಳ್ಳಲು ಮಗನೋ ಮಗಳೋ ಇದ್ದಾರೆ ಅನ್ನುವವರಿಗೆ ಎರಡನೇ ವರ್ಷದಿಂದ ಕಂತು. ಒಂದೂಮುಕ್ಕಾಲು ಲಕ್ಷಕ್ಕೆ ಅಂಚಿನಲ್ಲಿ ತೂಗಾಡುತ್ತಿರುವವರಿಗೆ ಬೇಡವೇ ಬೇಡ. 12 ಲಕ್ಷ ಹೊಂದಿಸಲೂ ಸಾಲ ಮಾಡಬೇಕು ಅನ್ನುವವರು ಸದ್ಯಕ್ಕೆ ವರ್ಷಕ್ಕೊಮ್ಮೆ ಪ್ರವಾಸಿಯಾಗಿ ಹೋಗಿ ಬರುವುದೇ ಮೇಲು. ಆಸ್ಪತ್ರೆ ಖರ್ಚು ಬಂದರೆ ವೀಸಾದ ಹಣಕ್ಕೇ ಕೈ ಹಾಕಬೇಕಾಗುತ್ತದೆ.

ಅರ್ಜಿಯ ದಿನ ಮಾಡಬೇಕಾದ್ದು ಇಷ್ಟು. ಬೆಳಿಗ್ಗೆ ಬ್ಯಾಂಕಿಗೆ ಹೋಗಿ ನಿಮ್ಮ ಹೆಸರು, ಖಾತೆ, ಅದರಲ್ಲಿರುವ ಮೊತ್ತ ಬರೆದಿರುವ ಪತ್ರ ತೆಗೆದುಕೊಳ್ಳಿ. ಕಂತಿನವರು ಹನ್ನೆರಡು ತಿಂಗಳ ಹೊರದೇಶದ ಜಮೆಯ ಪತ್ರವನ್ನೂ ಕೇಳಿ. ಇನ್ನೊಂದು ಖಾತೆಯಿಂದ 100 ಬಾತ್ ಹಾಕಿ ಪಾಸ್‌ಬುಕ್ಕಿನಲ್ಲಿ ಅವತ್ತಿನ ತಾರೀಕು ಬೀಳಿಸಿ. ಎಲ್ಲ ಪುಟದ ಜೆರಾಕ್ಸ್ ತೆಗೆದು ಪ್ರತಿಯೊಂದಕ್ಕೂ ಸಹಿ ಹಾಕಿ. ಮೂರು ತಿಂಗಳ ಮೇಲೆ ಮತ್ತೆ ಪಾಸ್‌ಬುಕ್ಕು ತಂದು ತೋರಿಸಿ ಅಂತ ಕೆಲವು ಕಚೇರಿಗಳಲ್ಲಿ ಹೇಳಿ ಕಳಿಸುತ್ತಾರೆ. ಹಾಗೆ ಹೇಳಿದರೆ ಆ ತಾರೀಕನ್ನು ಅಲ್ಲೇ ನಿಂತು ಫೋನಿನಲ್ಲಿ ಬರೆದುಕೊಳ್ಳಿ.